ಏನು ಮಾಡಲಿ ಎಂದು ಕೇಳಿದ ಯೇಸು



ಡಿಸೆಂಬರ್ 3 ಅಂತರರಾಷ್ಟ್ರೀಯ ಅಂಗವಿಕಲರ ದಿನ. ವಿಶ್ವಸಂಸ್ಥೆ 1992ರಲ್ಲಿ ಗೊತ್ತುಮಾಡಿದ್ದು. ಅದೇ ಹೊತ್ತಿಗೆ ನಮ್ಮ ಚರ್ಚುಗಳಲ್ಲಿ ಆಗಮನ ಕಾಲ ನಡೆದಿರುತ್ತದೆ, ಕ್ರಿಸ್ಮಸ್ಸಿಗೆ ಮನೆಯನ್ನೂ ಮನಸ್ಸನ್ನೂ ಅಣಿಮಾಡಿಕೊಳ್ಳುವ ನಾಲ್ಕು ವಾರ. ನಾನು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಕಡೆಯವನು. ಅಂಗವಿಕಲರಿರುವ ಮನೆಗಳಿಗೆ ಹೋಗಿಬರುವುದು ನನ್ನ ಕೆಲಸ, ಯೇಸುಸ್ವಾಮಿಯ ಮೇಲಿನ ನಂಬಿಕೆ ಆ ಕೆಲಸದ ಬೇರು. ಈ ನಂಬಿಕೆ ಅಂಗವಿಕಲರ ಬಗ್ಗೆ ನಮ್ಮಿಂದ ನಿಜಕ್ಕೂ ಏನು ಕೇಳುತ್ತದೆ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಯೊವಾನ್ನನ ಶುಭಸಂದೇಶದಲ್ಲಿ ಒಂದು ಪ್ರಸಂಗ ಬರುತ್ತದೆ. ಹುಟ್ಟುಕುರುಡನೊಬ್ಬ ದಾರಿ ಬದಿ ಕುಳಿತಿದ್ದಾನೆ. ಯೇಸುವಿನ ಶಿಷ್ಯರು ಅವನನ್ನು ನೋಡುತ್ತಾರೆ. ಅವನ ಹೆಸರೇನು, ಊಟ ಆಯಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಇವನು ಹೀಗೆ ಹುಟ್ಟಿದ್ದು ಯಾರ ಪಾಪದಿಂದ, ಇವನದೋ ಹೆತ್ತವರದೋ ಎಂದು ಗುರುವನ್ನು ಕೇಳುತ್ತಾರೆ, ಅದೂ ಅವನ ಎದುರಿಗೇ. ಕಣ್ಣು ಕಾಣದವನಿಗೆ ಕಿವಿ ಕೇಳುತ್ತದೆ ಎಂಬುದನ್ನೂ ಮರೆತು. ಯೇಸುವಿನ ಉತ್ತರ ನೇರ: ಇವನ ಪಾಪವೂ ಅಲ್ಲ, ಹೆತ್ತವರದೂ ಅಲ್ಲ.

ಈ ಪ್ರಶ್ನೆ ನಮ್ಮ ಊರುಗಳಲ್ಲಿ ಇವತ್ತಿಗೂ ಬದುಕಿದೆ. ಹಿಂದೂಗಳ ಮನೆಯಲ್ಲಿ ಹೋದ ಜನ್ಮದ ಕರ್ಮ ಅನ್ನುತ್ತಾರೆ, ಕ್ರೈಸ್ತರ ಮನೆಯಲ್ಲಿ ದೇವರು ಕೊಟ್ಟ ಶಿಕ್ಷೆ ಅನ್ನುತ್ತಾರೆ. ಎರಡರ ಭಾರವೂ ಹೆತ್ತ ತಾಯಿಯ ತಲೆಯ ಮೇಲೇ ಬಂದು ಬೀಳುತ್ತದೆ. ಮಗು ಹೊಟ್ಟೆಯಲ್ಲಿದ್ದಾಗ ಗ್ರಹಣ ನೋಡಿದಳು, ಹರಕೆ ಮರೆತಳು ಎಂದು ಮಾತು ಎಲ್ಲೆಲ್ಲಿಗೋ ಹೋಗುತ್ತದೆ.

ನಮ್ಮ ಜಿಲ್ಲೆಯ ಜಗಳೂರಿನ ಕಡೆಯವರಿಗೆ ನಾನು ಹೇಳುವುದು ಚೆನ್ನಾಗಿ ಅರ್ಥವಾಗುತ್ತದೆ. ಮಳೆ ಕಡಿಮೆಯಾಗಿ, ಕೊಳವೆಬಾವಿಗಳು ಆಳಕ್ಕೆ ಇಳಿದ ಹಾಗೆಲ್ಲ ಬಂಡೆಯೊಳಗಿನ ಫ್ಲೋರೈಡ್ ಕುಡಿಯುವ ನೀರಿಗೆ ಬಂತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಆಮೇಲೆ ಮೂಳೆ ಗಡುಸಾಗುತ್ತದೆ, ಮಂಡಿ ಮಡಚುವುದಿಲ್ಲ, ಕತ್ತು ತಿರುಗುವುದಿಲ್ಲ. ಹಾಲು, ರಾಗಿ ಕಾಣದ ಬಡ ಮಕ್ಕಳ ಕಾಲು ಬಿಲ್ಲಿನ ಹಾಗೆ ಬಾಗುತ್ತದೆ. ಒಂದೇ ಕೇರಿಯಲ್ಲಿ ನಾಲ್ಕಾರು ಮಕ್ಕಳು ಹೀಗೆ ಬೆಳೆದರೆ ಯಾರ ಪಾಪ ಎಂದು ಹುಡುಕುತ್ತ ಕೂರುವುದೋ, ನೀರನ್ನು ಪರೀಕ್ಷೆಗೆ ಕಳಿಸುವುದೋ? ತುಂಗಭದ್ರೆಯ ನೀರನ್ನು ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ಹರಿಸುವ ಯೋಜನೆಯ ಹಿಂದೆ ಸಿರಿಗೆರೆ ಮಠದ ಶ್ರೀಗಳು ನಿಂತರಲ್ಲ, ಆ ಕೆಲಸವನ್ನು ನಾನು ಕ್ರೈಸ್ತನಾಗಿ ತಲೆಬಾಗಿ ನೋಡುತ್ತೇನೆ. ಹುಟ್ಟುಕುರುಡನ ಪ್ರಸಂಗದಲ್ಲಿ ಯೇಸು ಕಾರಣ ಹುಡುಕುವುದನ್ನು ಬಿಟ್ಟು ನೆಲದ ಮಣ್ಣನ್ನು ಕೈಗೆ ತೆಗೆದುಕೊಂಡು ಕೆಲಸ ಶುರುಮಾಡುತ್ತಾನೆ. ಕೆರೆ ತುಂಬಿಸುವವರೂ ಮಾಡಿದ್ದು ಅದನ್ನೇ.

ಇನ್ನೊಂದು ಪ್ರಸಂಗ ಜೆರಿಕೊ ಊರಿನ ಹೊರಗೆ ನಡೆದದ್ದು. ಬಾರ್ತಿಮಾಯ ಎಂಬ ಕುರುಡ ಭಿಕ್ಷುಕ ಯೇಸುವನ್ನು ಕೂಗಿ ಕರೆಯುತ್ತಾನೆ. ಸುತ್ತಲಿನವರು ಸುಮ್ಮನಿರು ಎಂದು ಗದರಿಸುತ್ತಾರೆ. ಯೇಸು ನಿಲ್ಲುತ್ತಾನೆ, ಅವನನ್ನು ಹತ್ತಿರ ಕರೆಸುತ್ತಾನೆ, ನಿನಗೆ ನಾನು ಏನು ಮಾಡಬೇಕು ಹೇಳು ಎನ್ನುತ್ತಾನೆ. ಎದುರಿಗಿರುವವನಿಗೆ ಕಣ್ಣಿಲ್ಲ ಎಂಬುದು ಯಾರಿಗೂ ಕಾಣುವಂಥದ್ದು. ಆದರೂ ಕೇಳಿದ. ಕಣ್ಣು ಬೇಕೆಂಬ ಮಾತು ಬಾರ್ತಿಮಾಯನ ಬಾಯಿಂದಲೇ ಬರಬೇಕಿತ್ತು. ಅಲ್ಲಿಯವರೆಗೆ ಊರಿನವರು ಅವನ ಕೈಗೆ ಕಾಸು ಹಾಕಿದ್ದರು, ಅವನ ಬೇಡಿಕೆ ಏನೆಂದು ಕೇಳಿದ್ದು ಯೇಸುವೇ.

ಈ ಕೇಳುವಿಕೆ ತಪ್ಪಿಹೋದ ಸೇವೆ ಹೇಗಿರುತ್ತದೆ ಎಂಬುದನ್ನು ನಾನು ಮನೆಮನೆಯಲ್ಲಿ ನೋಡುತ್ತೇನೆ. ಸಮಾರಂಭ ಮಾಡಿ ಕೊಟ್ಟ ತ್ರಿಚಕ್ರ ಸೈಕಲ್ ದನದ ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಎಲ್ಲರಿಗೂ ಒಂದೇ ಅಳತೆಯದು. ಕೈಯಲ್ಲೂ ಬಲವಿಲ್ಲದವರಿಗೆ ಅದರ ಪೆಡಲು ತಿರುಗಿಸಲು ಆಗುವುದಿಲ್ಲ. ಓಣಿ ಕಿರಿದು, ಮನೆ ಬಾಗಿಲಲ್ಲಿ ಎರಡು ಅಡಿ ಕಟ್ಟೆ. ಅಂಥ ಒಂದು ಮನೆಯ ಹೆಂಗಸಿಗೆ ಬೇಕಾಗಿದ್ದದ್ದು ಮನೆಯೊಳಗೇ ಶೌಚಾಲಯ, ಅದರಲ್ಲಿ ಕುರ್ಚಿಯ ಎತ್ತರದ ಆಸನ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ. ಹಗಲೆಲ್ಲ ನೀರು ಕುಡಿಯದೆ ಇದ್ದು ಕತ್ತಲಾದ ಮೇಲೆ ತೋಟದ ಕಡೆ ತೆವಳಿಕೊಂಡು ಹೋಗುವವರಿಗೆ ಸೈಕಲ್ ಯಾಕೆ? ಕೇಳಿದ್ದರೆ ಹೇಳುತ್ತಿದ್ದಳು.

ಕ್ರೈಸ್ತ ಸೇವೆಯ ಚರಿತ್ರೆಯಲ್ಲೂ ಈ ಪಾಠ ನಿಧಾನವಾಗಿ ಬಂದದ್ದು. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿಟ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದ ನೆರಳಲ್ಲಿ ಹೋಮಿಯೋಪತಿ ಔಷಧಿ ಕೊಡಲು ಕುಳಿತರು. ಹತ್ತು ವರ್ಷದ ಮೇಲೆ, 1890ರಲ್ಲಿ, ಕುಷ್ಠರೋಗಿಗಳಿಗೆಂದು ಆಶ್ರಯಧಾಮ ಕಟ್ಟಿದರು. ಮುಟ್ಟಿದರೆ ಅಂಟುತ್ತದೆ ಎಂದು ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲ. ಮುಲ್ಲರ್ ಅವರು 1910ರಲ್ಲಿ ತೀರಿಕೊಂಡರು. ಇಂದು ಅಲ್ಲಿ ದೊಡ್ಡ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜು ಇದೆ. ಮುಲ್ಲರ್ ಅವರ ಕಾಲದಲ್ಲಿ ಕುಷ್ಠಕ್ಕೆ ಗುಣಪಡಿಸುವ ಔಷಧಿಯೇ ಇರಲಿಲ್ಲ. ಸೂರು, ಅನ್ನ, ಹುಣ್ಣಿಗೆ ಪಟ್ಟಿ, ಜೊತೆಗೆ ಹೆದರದೆ ಮುಟ್ಟುವ ಕೈ, ಇಷ್ಟೇ ಕೊಡಲು ಸಾಧ್ಯವಿತ್ತು, ಅದನ್ನು ಕೊಟ್ಟರು.

ಮುಂದಿನ ಹೆಜ್ಜೆ ಇಟ್ಟವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರ್ ಪಾಲ್ ಬ್ರಾಂಡ್. ಮಿಷನರಿ ದಂಪತಿಯ ಮಗ, ತಮಿಳುನಾಡಿನ ಕೊಲ್ಲಿ ಮಲೆಯಲ್ಲಿ ಬೆಳೆದವರು. ಕುಷ್ಠದಿಂದ ಬೆರಳು ಕೊಳೆತು ಉದುರುತ್ತದೆ ಎಂದೇ ಲೋಕವೆಲ್ಲ ನಂಬಿತ್ತು. ಬ್ರಾಂಡ್ ಕಂಡುಕೊಂಡದ್ದು ಬೇರೆ: ರೋಗ ನರಗಳನ್ನು ಕೊಲ್ಲುತ್ತದೆ, ನೋವು ತಿಳಿಯದಂತೆ ಮಾಡುತ್ತದೆ, ನೋವು ತಿಳಿಯದ ಕೈ ಬಿಸಿ ಪಾತ್ರೆ ಹಿಡಿಯುತ್ತದೆ, ಮುಳ್ಳು ತುಳಿದ ಕಾಲು ಹಾಗೇ ನಡೆಯುತ್ತದೆ. ರಾತ್ರಿ ಮಲಗಿದ್ದಾಗ ಕೆಲವರ ಬೆರಳು ಮಾಯವಾಗುತ್ತಿದ್ದವು. ಕಾವಲು ಕೂತು ನೋಡಿದರೆ ಇಲಿ ಕಡಿಯುತ್ತಿತ್ತು, ಮಲಗಿದವನಿಗೆ ಎಚ್ಚರವೇ ಇಲ್ಲ. ಆಮೇಲೆ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರು. ಗಟ್ಟಿಯಿದ್ದ ಸ್ನಾಯುವಿನ ತಂತುವನ್ನು ಬಲ ಕಳೆದುಕೊಂಡ ಬೆರಳಿಗೆ ಜೋಡಿಸಿ, ಮುದುಡಿದ ಕೈ ಬಿಚ್ಚುವ ಶಸ್ತ್ರಚಿಕಿತ್ಸೆಯನ್ನು 1948ರಿಂದ ನಡೆಸಿದರು.

ಅಲ್ಲೊಂದು ಪೆಟ್ಟು ಬಿತ್ತು. ಕೈ ನೆಟ್ಟಗಾಗಿ ಊರಿಗೆ ಹೋದ ಒಬ್ಬ ತಿರುಗಿ ಬಂದು, ಡಾಕ್ಟರೇ, ಈ ಕೈ ಭಿಕ್ಷೆಗೆ ಒದಗುವುದಿಲ್ಲ ಎಂಬರ್ಥದ ಮಾತು ಹೇಳಿದ. ಮುದುಡಿದ ಕೈ ನೋಡಿ ಜನ ಕಾಸು ಹಾಕುತ್ತಿದ್ದರು. ಈಗ ಕಾಸೂ ಇಲ್ಲ, ಕುಷ್ಠವಿದ್ದವನೆಂದು ಕೆಲಸವೂ ಇಲ್ಲ. ವೈದ್ಯರು ಆಮೇಲೆ ಮರಗೆಲಸದಂಥ ಕಸುಬು ಕಲಿಸುವ ಒಂದು ಪುಟ್ಟ ಹಳ್ಳಿಯನ್ನೇ ಕಾಲೇಜಿನ ಹತ್ತಿರ ಕಟ್ಟಬೇಕಾಯಿತು. ನನಗೆ ಈ ಪ್ರಸಂಗ ಶಸ್ತ್ರಚಿಕಿತ್ಸೆಗಿಂತ ದೊಡ್ಡದೆನಿಸುತ್ತದೆ. ರೋಗಿ ವೈದ್ಯನಿಗೆ ದಾರಿ ತೋರಿಸಿದ.

ನಮ್ಮ ಬೆಂಗಳೂರಿನ ಸುಮನಹಳ್ಳಿಯೂ ಅದೇ ದಾರಿಯಲ್ಲಿ ಹುಟ್ಟಿದ್ದು. ರಿಂಗ್ ರಸ್ತೆಯಲ್ಲಿ ಹೋಗುವವರಿಗೆ ಅದು ಒಂದು ಮೇಲ್ಸೇತುವೆಯ ಹೆಸರು. ಸರ್ಕಾರ ಕೇಳಿಕೊಂಡಿದ್ದರಿಂದ 1978ರಲ್ಲಿ ಬೆಂಗಳೂರು ಮಹಾಧರ್ಮಾಧ್ಯಕ್ಷರು ಕುಷ್ಠ ತಗಲಿದ ನಿರ್ಗತಿಕರ ಪುನರ್ವಸತಿಯನ್ನು ಹೊತ್ತುಕೊಂಡರು. ಔಷಧಿಯ ಜೊತೆಗೆ ಚರ್ಮದ ಕೆಲಸ, ಹೊಲಿಗೆ, ಮಕ್ಕಳಿಗೆ ಶಾಲೆ. ಬಹುವಿಧ ಔಷಧಿ ಚಿಕಿತ್ಸೆ ಬಂದ ಮೇಲೆ ಕುಷ್ಠ ಪೂರ್ತಿ ಗುಣವಾಗುವ ರೋಗ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. 2005ರ ಕೊನೆಗೆ ಭಾರತದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಹಾಗೆಂದು ರೋಗ ಹೋಗಿಲ್ಲ, ಜಗತ್ತಿನಲ್ಲಿ ಪ್ರತಿ ವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನಮ್ಮ ದೇಶದವರು. ಮೈಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೆ ದಯವಿಟ್ಟು ಮುಚ್ಚಿಡಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಇನ್ನು ಚನ್ನಗಿರಿಯ ಅಡಿಕೆ ತೋಟಕ್ಕೆ ಬರೋಣ. ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದವರ ಸುದ್ದಿ ಇಲ್ಲದ ವರ್ಷವಿಲ್ಲ. ಬೆನ್ನುಹುರಿಗೆ ಪೆಟ್ಟಾದರೆ ಸೊಂಟದಿಂದ ಕೆಳಗೆ ಬಲವೂ ಇಲ್ಲ, ಸ್ಪರ್ಶವೂ ಇಲ್ಲ. ಅಂಥ ಒಂದು ಮನೆಗೆ ನಾನು ಹೋಗುತ್ತಿರುತ್ತೇನೆ. ಮೂವತ್ತು ದಾಟಿರದ ಮರ ಹತ್ತುವ ಆಳು, ಹೆಂಡತಿ, ಇಬ್ಬರು ಮಕ್ಕಳು. ಆ ಮನೆಯಲ್ಲಿ ಸೇವೆ ಎಂದರೆ ಗಡಿಯಾರ ನೋಡುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಬದಲಿಸದಿದ್ದರೆ ಸೊಂಟದ ಮೂಳೆ ಹಾಸಿಗೆಗೆ ಒತ್ತಿ ಚರ್ಮ ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಹುಣ್ಣು ಬಿದ್ದರೆ ಮೂಳೆಯವರೆಗೂ ಇಳಿಯುತ್ತದೆ. ನೋವು ಗೊತ್ತಾಗುವುದಿಲ್ಲವಾದ್ದರಿಂದ ಅವನೇ ದಿನಾ ಕನ್ನಡಿ ಹಿಡಿದು ಬೆನ್ನು, ಹಿಮ್ಮಡಿ ನೋಡಿಕೊಳ್ಳಬೇಕು. ಗಾಲಿಕುರ್ಚಿಯಲ್ಲಿ ಕೂತಾಗ ಆಗಾಗ ಎರಡೂ ಕೈ ಊರಿ ಮೈ ಎತ್ತಬೇಕು. ಮೂತ್ರದ ನಳಿಕೆ ಶುಚಿಯಾಗಿರಬೇಕು, ಇಲ್ಲವಾದರೆ ಮೂತ್ರಪಿಂಡಕ್ಕೆ ಸೋಂಕು. ಅವನ ಹೆಂಡತಿ ಇದನ್ನೆಲ್ಲ ಕಲಿತಿದ್ದಾಳೆ. ಹಾಸಿಗೆಯ ಬದಿಯ ಗೋಡೆಗೆ ಇದ್ದಿಲಿನಿಂದ ಗೆರೆ ಹಾಕಿಕೊಳ್ಳುತ್ತಾಳೆ, ಎಡ, ಬಲ, ಎಡ. ಅವನು ಈಗ ಕುಳಿತಲ್ಲೇ ಅಡಿಕೆ ಸುಲಿಯುತ್ತಾನೆ. ಮನೆಯ ಲೆಕ್ಕವೂ ಅವನದೇ.

ಬೆನ್ನುಹುರಿ ಮುರಿದವರೂ ಪೂರ್ತಿ ಬದುಕು ಬದುಕಬಲ್ಲರು ಎಂದು ನಮ್ಮ ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಮೊದಲ ಸಾಲಿನವರು ಡಾಕ್ಟರ್ ಮೇರಿ ವರ್ಗೀಸ್. ಕೇರಳದ ಕ್ರೈಸ್ತ ಕುಟುಂಬದ ಮಗಳು, 1925ರಲ್ಲಿ ಹುಟ್ಟಿದವರು, ವೆಲ್ಲೂರಿನಲ್ಲಿ ಓದಿ ಅಲ್ಲೇ ವೈದ್ಯೆಯಾದವರು. 1954ರಲ್ಲಿ ಕಾರು ಅಪಘಾತವಾಯಿತು. ಮುಖದ ಮೇಲೆ ದೊಡ್ಡ ಗಾಯ, ಸೊಂಟದ ಕೆಳಗೆ ಚಲನೆ ಇಲ್ಲ. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು ಎಂದು ಪಾಲ್ ಬ್ರಾಂಡ್ ಹುರಿದುಂಬಿಸಿದರು. ಗಾಲಿಕುರ್ಚಿಯಲ್ಲಿ ಕುಳಿತು ಮೇರಿ ಕುಷ್ಠರೋಗಿಗಳ ಮುದುಡಿದ ಕೈಗಳನ್ನು ಬಿಡಿಸಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಅದರ ವಿಭಾಗ ಕಟ್ಟಿದರು, 1966ರಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ. ನಮ್ಮ ಕಡೆಯಿಂದ ರೈಲು ಹತ್ತಿ ವೆಲ್ಲೂರಿಗೆ ಹೋಗುವ ಜನ ಇಂದಿಗೂ ಇದ್ದಾರೆ. ಕ್ರೈಸ್ತರು ಅಂಗವಿಕಲರ ಸೇವೆ ಮಾಡಿದರು ಎಂದಷ್ಟೇ ಹೇಳಿ ನಿಲ್ಲಿಸಿದರೆ ಮೇರಿ ವರ್ಗೀಸ್ ಅವರಿಗೆ ಅನ್ಯಾಯವಾಗುತ್ತದೆ. ಅವರು ಸೇವೆ ಪಡೆಯುವ ಸಾಲಿನಲ್ಲಿ ಕೂರಲಿಲ್ಲ, ಮಾಡುವ ಸಾಲಿನ ಮುಂದೆ ಕುಳಿತರು.

ನಮ್ಮ ಧರ್ಮಸಭೆ ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ತೆಗೆದುಕೊಂಡಿತು. ಎದ್ದು ಕಾಣುವ ಅಂಗವೈಕಲ್ಯವಿದ್ದವರು ಗುರುಗಳಾಗಲು ಅಡ್ಡಿ ಎಂಬ ನಿಯಮ 1917ರ ಕಥೋಲಿಕ ಧರ್ಮಸಂಹಿತೆಯಲ್ಲಿತ್ತು. ಅದು ಹೋದದ್ದು 1983ರ ಹೊಸ ಸಂಹಿತೆಯಲ್ಲಿ. ದೇಶದ ಕಾನೂನಿನಲ್ಲೂ ಹೀಗೇ ಇತ್ತು: ಬಾಳಸಂಗಾತಿಗೆ ಕುಷ್ಠವಿದ್ದರೆ ವಿಚ್ಛೇದನ ಪಡೆಯಬಹುದು ಎಂಬ ಮಾತು ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯ್ದೆಯಲ್ಲೂ, ಹಿಂದೂ ಮತ್ತು ಮುಸ್ಲಿಂ ವಿವಾಹಗಳ ಕಾಯ್ದೆಗಳಲ್ಲೂ ಇತ್ತು. ಸಂಸತ್ತು ಅದನ್ನು ಎಲ್ಲದರಿಂದ ಒಟ್ಟಿಗೆ ತೆಗೆದದ್ದು 2019ರಲ್ಲಿ. ಪುನರುತ್ಥಾನಗೊಂಡ ಕ್ರಿಸ್ತ ತನ್ನ ಕೈಯ ಮೊಳೆಗಾಯವನ್ನು ಮರೆಮಾಡದೆ ಶಿಷ್ಯ ತೋಮನಿಗೆ ತೋರಿಸಿದ ಎಂದು ಸಾರುವ ನಾವು, ಗಾಯವಿದ್ದ ಮೈಯನ್ನು ಪೀಠದಿಂದ ದೂರವಿಟ್ಟಿದ್ದೆವು. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ. ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ.

ಬುದ್ಧಿಮಾಂದ್ಯ ಇರುವವರ ವಿಷಯಕ್ಕೆ ಬಂದರೆ ಬೆಂಗಳೂರಿನ ಆಶಾನಿಕೇತನವನ್ನು ನೆನೆಯಬೇಕು. 1970ರಲ್ಲಿ ಶುರುವಾದ ಮನೆ. ಫ್ರಾನ್ಸಿನಲ್ಲಿ 1964ರಲ್ಲಿ ಹುಟ್ಟಿದ ಲಾರ್ಷ್ ಸಮುದಾಯದ ಬಳಗಕ್ಕೆ ಸೇರಿದ್ದು. ಅಲ್ಲಿ ವಾರ್ಡು, ಹಾಸಿಗೆ ಸಂಖ್ಯೆ ಇಲ್ಲ. ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ಸೂರಿನ ಕೆಳಗೆ, ಒಂದೇ ಪಂಕ್ತಿಯಲ್ಲಿ ಉಂಡು, ಕೆಲಸ ಹಂಚಿಕೊಂಡು ಬದುಕುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರ ಪ್ರಾರ್ಥನೆಗೂ ಜಾಗವಿದೆ. ಲಾರ್ಷ್ ಸ್ಥಾಪಿಸಿದ ಜಾನ್ ವ್ಯಾನಿಯೇ ಬದುಕಿದ್ದಾಗ ಅವರನ್ನು ಸಂತನೆಂದೇ ಅನೇಕರು ಭಾವಿಸಿದ್ದರು. ಅವರು 2019ರಲ್ಲಿ ತೀರಿಕೊಂಡ ಮೇಲೆ, ಅವರು ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಹಲವು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದರೆಂದು ಲಾರ್ಷ್ ಸಂಸ್ಥೆಯೇ ತನಿಖೆ ಮಾಡಿಸಿ 2020ರಲ್ಲಿ ಪ್ರಕಟಿಸಿತು. ಸೇವೆ ಮಾಡುವವನ ಕೈಯಲ್ಲಿ ಅಧಿಕಾರವಿರುತ್ತದೆ, ಮುಖದ ಮೇಲೆ ಒಳ್ಳೆಯವನೆಂಬ ಬೆಳಕಿರುತ್ತದೆ. ಅದಕ್ಕೇ ಅವನ ಮೇಲೆ ಬೇರೆಯವರ ಕಣ್ಣು ಇರಬೇಕು, ದೂರು ಕೇಳುವ ಜಾಗ ಇರಬೇಕು, ಮಾತು ಬಾರದವರ ದೂರನ್ನು ತಿಳಿಯುವ ಬಗೆಯೂ ಇರಬೇಕು. ಆಶಾನಿಕೇತನದ ಪಂಕ್ತಿಯೂಟದ ಬೆಲೆ ಇದರಿಂದ ಕಡಿಮೆಯಾಗಿಲ್ಲ. ಒಬ್ಬ ಮನುಷ್ಯನನ್ನು ಪ್ರಶ್ನೆಗೆ ಮೀರಿದವನೆಂದು ಕೂರಿಸುವ ಅಭ್ಯಾಸವನ್ನು ನಾವು ಬಿಡಬೇಕು.

ಕ್ರೈಸ್ತ ಸೇವೆ ಎಂದೊಡನೆ ಕೆಲವರಲ್ಲಿ ಒಂದು ಅನುಮಾನ ಏಳುತ್ತದೆ, ಇದರ ಹಿಂದೆ ಮತಕ್ಕೆ ಸೆಳೆಯುವ ಲೆಕ್ಕಾಚಾರ ಇದೆಯೇ ಎಂದು. ಲೂಕನ ಶುಭಸಂದೇಶದಲ್ಲಿ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸುತ್ತಾನೆ. ಒಂಬತ್ತು ಮಂದಿ ತಿರುಗಿಯೂ ನೋಡದೆ ಹೋಗುತ್ತಾರೆ. ಬಂದು ಧನ್ಯವಾದ ಹೇಳಿದವನು ಒಬ್ಬನೇ, ಅವನೂ ಬೇರೆ ಪಂಗಡದ ಸಮಾರ್ಯದವನು. ಹಿಂದಿರುಗದ ಒಂಬತ್ತು ಮಂದಿಯ ಕುಷ್ಠ ಮರುಕಳಿಸಿತು ಎಂದು ಶುಭಸಂದೇಶ ಹೇಳುವುದಿಲ್ಲ. ಕೊಟ್ಟದ್ದು ಕೊಟ್ಟದ್ದೇ. ಬದಲಿಗೆ ಏನನ್ನೋ ಬಯಸಿ ಔಷಧಿ, ಅಕ್ಕಿ ಕೊಡುವವನು ಈ ಒಂಬತ್ತು ಜನರ ಕಥೆಯನ್ನು ಓದಿಕೊಳ್ಳಬೇಕು.

ನಮ್ಮವರಲ್ಲೇ ಕೆಲವರು ಮಾಡುವ ಇನ್ನೊಂದು ಗಾಯ ಇದಕ್ಕಿಂತ ಆಳ. ಪ್ರಾರ್ಥನಾ ಸಭೆಗೆ ನಡೆಯಲಾರದ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಾರೆ. ವೇದಿಕೆಯ ಮೇಲೆ ನಿಲ್ಲಿಸುತ್ತಾರೆ. ಅವಳು ನಡೆಯದಿದ್ದರೆ ನಿನ್ನ ವಿಶ್ವಾಸ ಸಾಲದು ಅನ್ನುತ್ತಾರೆ. ಕಾಲಿನ ಕಷ್ಟದ ಜೊತೆಗೆ ದೇವರಿಗೆ ಬೇಡವಾದೆನೆಂಬ ಕಷ್ಟವನ್ನೂ ಹೊರಿಸಿ ಮನೆಗೆ ಕಳಿಸುತ್ತಾರೆ. ಸಂತ ಪೌಲನ ಮೈಯಲ್ಲೊಂದು ಮುಳ್ಳಿತ್ತು, ಮೂರು ಸಲ ಬೇಡಿದರೂ ದೇವರು ತೆಗೆಯಲಿಲ್ಲ, ಅದನ್ನು ಇಟ್ಟುಕೊಂಡೇ ಅವನು ಊರೂರು ತಿರುಗಿದ. ಅವನ ವಿಶ್ವಾಸ ಸಾಲದಾಗಿತ್ತು ಎನ್ನುವ ಧೈರ್ಯ ಯಾರಿಗಿದೆ? ಹರಿಹರದ ಆರೋಗ್ಯ ಮಾತೆಯ ಗುಡಿಗೆ ಸೆಪ್ಟೆಂಬರಿನ ಹಬ್ಬದಲ್ಲಿ ಎಲ್ಲ ಜಾತಿಮತದ ಜನ ಕಾಯಿಲೆಯವರನ್ನು ಕರೆದುಕೊಂಡು ಬರುತ್ತಾರೆ. ಬೇಡಿಕೊಳ್ಳಲಿ, ನಾನೂ ಬೇಡಿಕೊಳ್ಳುತ್ತೇನೆ. ಗುಣವಾಗದೆ ಮರಳಿದವರನ್ನು ಮೊದಲಿನಷ್ಟೇ ಗೌರವದಿಂದ ಕಂಡರೆ ಆ ಪ್ರಾರ್ಥನೆ ಪ್ರಾರ್ಥನೆಯಾಗಿ ಉಳಿಯುತ್ತದೆ.

ಇನ್ನು ಕೈಗೆ ಎಟುಕುವ ಕೆಲಸದ ಮಾತು. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರು 13 ಲಕ್ಷದ 24 ಸಾವಿರ. ಆಗ ಎಣಿಸಿದ್ದು ಕೆಲವೇ ಬಗೆಗಳನ್ನು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ, ಕುಷ್ಠದಿಂದ ಗುಣವಾದವರೂ, ಮಾನಸಿಕ ಕಾಯಿಲೆಯವರೂ ಅದರಲ್ಲಿ ಸೇರಿದ್ದಾರೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರೂ ಅಂಗವಿಕಲರೇ. ಗುರುತಿನ ಚೀಟಿ, ಮಾಸಾಶನದ ಅರ್ಜಿಗೆ ಮೊದಲು ಹೋಗಬೇಕಾದದ್ದು ಅವರ ಹತ್ತಿರ. ಪಂಚಾಯಿತಿಯ ಅನುದಾನದಲ್ಲಿ ಶೇಕಡ 5 ಅಂಗವಿಕಲರಿಗಾಗಿ ಖರ್ಚಾಗಬೇಕು. ಈ ವರ್ಷ ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಲು ಎಲ್ಲರಿಗೂ ಹಕ್ಕಿದೆ.

ಕ್ರೈಸ್ತ ಬಂಧುಗಳಿಗೆ ಒಂದು ಮಾತು. ಕಫೆರ್ನವುಮ್ ಊರಿನಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಮಂಚದ ಸಮೇತ ಹೊತ್ತು ತಂದರು. ಬಾಗಿಲಲ್ಲಿ ಜನ ತುಂಬಿದ್ದರಿಂದ ಮಾಳಿಗೆಯನ್ನೇ ಬಿಚ್ಚಿ ಅವನನ್ನು ಒಳಗೆ ಇಳಿಸಿದರು. ನಮ್ಮ ಚರ್ಚುಗಳ ಬಾಗಿಲಿಗೆ ಮೂರೋ ನಾಲ್ಕೋ ಮೆಟ್ಟಿಲಿವೆ, ಮಾಳಿಗೆ ಬಿಚ್ಚುವ ಅಗತ್ಯವಿಲ್ಲ. ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿದರೆ ಸಾಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಎರಡು ಅಡಿ ಇದ್ದರೆ ಇಪ್ಪತ್ತನಾಲ್ಕು ಅಡಿ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. ಮೇಲ್ಮೈ ನುಣುಪಾಗಿರಬಾರದು, ಮೇಲೆ ಕುರ್ಚಿ ತಿರುಗಲು ಐದಡಿ ಚೌಕ ಜಾಗ ಬಿಡಬೇಕು. ಗೋದಲಿಯ ಅಲಂಕಾರ ಒಂದು ವರ್ಷ ಕಡಿಮೆಯಾದರೂ ಸರಿ, ಈ ಡಿಸೆಂಬರಿನಲ್ಲಿ ಇದನ್ನು ಮಾಡಿ. ಗಾರೆಯವರನ್ನು ಕರೆಯುವ ಮುನ್ನ ನಿಮ್ಮ ಧರ್ಮಕೇಂದ್ರದಲ್ಲಿ ನಡೆಯಲಾರದವರು ಯಾರಿದ್ದಾರೋ ಅವರ ಮನೆಗೆ ಹೋಗಿ ಕೇಳಿಕೊಂಡು ಬನ್ನಿ. ಹಿಡಿಕೆ ಎಷ್ಟು ಎತ್ತರಕ್ಕೆ ಇರಬೇಕು, ಎಡಗಡೆಗೋ ಬಲಗಡೆಗೋ ಎಂದು ಹೇಳಬೇಕಾದವರು ಅವರು.